ತುಪ್ಪದಗುಡ್ಡದ ಮಹಜರು

ನಮ್ಮ ಊರಿನಲ್ಲಿ ಫೈಲು ಹಿಡಿದು ಬಂದವರಿಗೆ ಕಾಫಿ ಕೊಡುತ್ತೇವೆ, ಹೊತ್ತಾಗಿದ್ದರೆ ಕಡುಬು ಹಾಕಿ ಊಟವನ್ನೂ ಕೊಡುತ್ತೇವೆ. ನಿಜ ಮಾತ್ರ ಕೊಡುವುದಿಲ್ಲ. ಇದನ್ನು ಸುಳ್ಳು ಹೇಳುವ ಚಟ ಅಂತ ಯಾರೂ ತಿಳಿಯಬಾರದು. ಇದು ಸಂಪ್ರದಾಯ. ಕಂದಾಯ ನಿಗದಿ ಮಾಡಲು ಕುದುರೆ ಏರಿ ಬಂದ ಬಿಳಿ ಸಾಹೇಬನಿಗೆ ನಮ್ಮ ಮುತ್ತಜ್ಜಂದಿರು "ಎಂತದೂ ಬೆಳೆಯಲ್ಲ ಸ್ವಾಮಿ" ಅಂದರು. ಭೂಸುಧಾರಣೆಯ ಕಾಲದಲ್ಲಿ ಅಪ್ಪಂದಿರು ಅದನ್ನೇ ಅಂದರು. ಪೋಲಿಯೋ ಹನಿ ಹಾಕಲು ಬಂದ ನರ್ಸಮ್ಮ "ಮನೇಲಿ ಮಕ್ಕಳೆಷ್ಟು?" ಅಂತ ಕೇಳಿದಾಗ ಒಂದು ಮಗುವನ್ನು ಕಡಿಮೆ ಹೇಳಿದ ಮನೆಯೂ ನಮ್ಮಲ್ಲಿದೆ. ಯಾಕೆ ಅಂತ ಅವರಿಗೂ ಗೊತ್ತಿಲ್ಲ. ಬಾಯಿ ತಾನಾಗಿ ಹಾಗೆ ತಿರುಗುತ್ತದೆ.

ಈ ವಿದ್ಯೆಯಲ್ಲಿ ಮಂಜಯ್ಯನನ್ನು ಮೀರಿಸಿದವರಿರಲಿಲ್ಲ. ಐದು ಎಕರೆ ಕಾಫಿ ತೋಟದ ಸಣ್ಣ ಹಿಡುವಳಿದಾರ. ಬೋರರ್ ಹುಳ ಕಾಫಿ ಗಿಡ ಕೊರೆಯುತ್ತದೆ ಅಂತ ಪೇಪರಿನಲ್ಲಿ ಬಂದ ವರ್ಷ, ಹುಳ ನಮ್ಮೂರಿಗೆ ಬರುವ ಮೊದಲೇ "ನಂದು ಪೂರ್ತಿ ಹೋಯ್ತು" ಅಂತ ಎದೆ ಬಡಿದುಕೊಂಡವನು. ನಾನು ಅದೇ ಊರಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಮೇಷ್ಟ್ರಾಗಿದ್ದೆ. ಊರಿನವರ ಅರ್ಜಿಗಳೆಲ್ಲ ನನ್ನ ಕೈಬರಹದಲ್ಲೇ ಮೂಡಿಗೆರೆಗೆ ಹೋಗುತ್ತವೆ. ಆದ್ದರಿಂದ ಈ ಪ್ರಕರಣದಲ್ಲಿ ನನ್ನ ತಪ್ಪೂ ಇದೆ. ಅದನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಕಥೆ ಹೇಳುವುದು ಸಲೀಸು.

ನಮ್ಮೂರು ಕೆಳಹಕ್ಲು ಅಂದರೆ ದೇವರಮನೆ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ಇಳಿದರೆ ಸಿಗುವ ಹದಿನೇಳು ಮನೆ. ಊರಿನ ತಲೆಯ ಮೇಲೆ ನೂರಾ ಹನ್ನೆರಡು ಎಕರೆ ಹುಲ್ಲಿನ ಗುಡ್ಡ. ಮರ ಇಲ್ಲ, ಗುಡ್ಡ ಮಡಿಚಿಕೊಂಡ ಸಂದಿಯಲ್ಲಿ ಮಾತ್ರ ಒಂದು ಹಿಡಿ ಕಾಡು. ಮಳೆಗಾಲದ ನೀರನ್ನೆಲ್ಲ ಆ ಹುಲ್ಲು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಮೆಲ್ಲಗೆ ಬಿಡುತ್ತದೆ. ಆ ನೀರು ಗುಡ್ಡದ ಬುಡದಲ್ಲಿ ಒರತೆಯಾಗಿ, ನಮ್ಮ ಮಾತಿನಲ್ಲಿ ಅಬ್ಬಿಯಾಗಿ, ಏಳುತ್ತದೆ, ಅಲ್ಲಿಂದ ಪೈಪಿನಲ್ಲಿ ಹದಿನೇಳು ಮನೆಗೂ ಇಳಿಯುತ್ತದೆ. ಮೋಟಾರು ಇಲ್ಲ, ಕರೆಂಟು ಇಲ್ಲ, ಏಪ್ರಿಲ್ಲಿನಲ್ಲೂ ಹೆಬ್ಬೆರಳು ದಪ್ಪ ಬರುತ್ತದೆ. ಅಲ್ಲಿ ಮೇದ ದನದ ಹಾಲಿಗೆ ತುಪ್ಪ ಜಾಸ್ತಿ ಅಂತ ಹಿಂದಿನವರು ಅದಕ್ಕೆ ತುಪ್ಪದಗುಡ್ಡ ಅಂತ ಹೆಸರಿಟ್ಟಿದ್ದರು. ಸರ್ಕಾರದ ನಕ್ಷೆಯಲ್ಲಿ ಆ ಹೆಸರಿಲ್ಲ ಅನ್ನುವುದು ನಮಗೆ ಗೊತ್ತಿರಲಿಲ್ಲ. ನಾವು ನಕ್ಷೆ ನೋಡಿಕೊಂಡು ದನ ಬಿಡುವವರಲ್ಲ.

೧೯೯೯ರ ಮಾರ್ಚಿನಲ್ಲಿ ಒಂದು ಜೀಪು ಬಂದು ಮಂಜಯ್ಯನ ಅಂಗಳದಲ್ಲಿ ನಿಂತಿತು. ಇಳಿದವರು ಏಕಾಂತಪ್ಪ ಅಂತ, ಮೂಡಿಗೆರೆ ಕಚೇರಿಯ ಅಧಿಕಾರಿ, ದಾವಣಗೆರೆ ಕಡೆಯವರು. ಬಿಸಿಲಿಗೆ ಬಾಡಿದ, ಸಭ್ಯ ಮನುಷ್ಯ. ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ. ನಾನು ಆಗ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ.

"ಈ ಗುಡ್ಡದ ಬಗ್ಗೆ ಒಂದೀಟು ಮಾಹಿತಿ ಬೇಕಾಗಿತ್ರೀ" ಅಂದರು ಏಕಾಂತಪ್ಪ.

ಮಂಜಯ್ಯ ಗುಡ್ಡಕ್ಕೆ ಅಡ್ಡವಾಗಿ ಬಂದು ನಿಂತ. ಅದಕ್ಕೆ ಕಾರಣ ಎರಡೂವರೆ ಎಕರೆ. ಗುಡ್ಡದ ಬುಡದಲ್ಲಿ, ಲಂಟಾನದ ಬೇಲಿಯ ಆಚೆ, ಯಾರಿಗೂ ಕಾಣದ ಹಾಗೆ ಅವನು ಸರ್ಕಾರದ ಜಾಗದಲ್ಲಿ ಕಾಫಿ ಹಾಕಿದ್ದ. ಯಾರಿಗೂ ಕಾಣುವುದಿಲ್ಲ ಅಂದೆ, ಆದರೆ ಊರಿಗೆಲ್ಲ ಗೊತ್ತಿತ್ತು. ಎಲ್ಲರದೂ ಒಂದೊಂದು ಬೇಲಿ ಇದ್ದುದರಿಂದ ಯಾರೂ ಬಾಯಿ ಬಿಡುತ್ತಿರಲಿಲ್ಲ. ಸಕ್ರಮ ಮಾಡಿಸಿಕೊಳ್ಳಿ, ಅರ್ಜಿ ಹಾಕಿ ಅಂತ ಸರ್ಕಾರವೇ ಕರೆದಾಗಲೂ ಯಾರೂ ಹಾಕಲಿಲ್ಲ. ಅರ್ಜಿ ಹಾಕಿದರೆ ಒಪ್ಪಿಕೊಂಡ ಹಾಗಾಗುತ್ತದಲ್ಲ!

"ಗುಡ್ಡದ್ದು ಎಂತ ಮಾಹಿತಿ ಸ್ವಾಮಿ? ಎಂತದೂ ಇಲ್ಲ ಅಲ್ಲಿ" ಅಂದ ಮಂಜಯ್ಯ.

"ಹುಲ್ಲು ಕಾಣ್ತತಲ್ರೀ."

"ಅದು ಹುಲ್ಲಲ್ಲ. ಎಂತದೋ ಒಂದು ಬೆಳ್ಕಂಡಿದೆ. ದನ ಮೂಸಿ ಸಹ ನೋಡಲ್ಲ."

ಸರಿಯಾಗಿ ಆಗಲೇ ದ್ಯಾವಮ್ಮನ ಏಳು ದನ ಕೊರಳ ಗಂಟೆ ಆಡಿಸಿಕೊಂಡು ಅಂಗಳದ ಮುಂದೆಯೇ ಗುಡ್ಡ ಹತ್ತಿದವು. ದ್ಯಾವಮ್ಮ ಎಪ್ಪತ್ತು ದಾಟಿದ ಮುದುಕಿ, ಒಂಟಿ ಜೀವ. ದನವೇ ಸಂಸಾರ.

"ಇವು ಎತ್ಲಾಗ ಹೊಂಟಾವ್ರೀ?"

"ಸುಮ್ನೆ ಗಾಳಿಗೆ ಹೋಗ್ತವೆ ಸ್ವಾಮಿ."

ಏಕಾಂತಪ್ಪನವರು ಬರೆದುಕೊಂಡರು. ಅಷ್ಟರಲ್ಲಿ ಮಂಜಯ್ಯನ ಹೆಂಡತಿ ತುಂಗಮ್ಮ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ಬಯಲುಸೀಮೆಯ ಮನುಷ್ಯ ಒಂದೇ ಗುಟುಕಿಗೆ ಅರ್ಧ ಚೊಂಬು ಇಳಿಸಿ, "ಆಹಾ! ಏನ್ ತಂಪೈತ್ರೀ! ಗುಡ್ಡದ ನೀರೇನು?" ಅಂದರು.

"ಬಾವೀದು" ಅಂದ ಮಂಜಯ್ಯ.

"ಬಾವಿ ಎಲ್ಲೈತ್ರೀ?"

"ಬತ್ತಿ ಹೋಗಿದೆ."

ತುಂಗಮ್ಮ ಗಂಡನ ಮುಖ ನೋಡಿದಳು. ನಾನು ಲೋಟದೊಳಗೆ ನೋಡಿದೆ.

ಏಕಾಂತಪ್ಪನವರು ನಕ್ಷೆ ಬಿಡಿಸಿದರು. ಉಪಗ್ರಹದಿಂದ ತೆಗೆದದ್ದಂತೆ. ಮರ ಇದ್ದ ಕಡೆ ಹಸಿರು, ಬೆಳೆ ಇದ್ದ ಕಡೆ ಹಳದಿ, ನೀರು ನೀಲಿ, ಮನೆ ಕೆಂಪು. ಈ ನಾಲ್ಕರಲ್ಲಿ ಯಾವುದೂ ಅಲ್ಲದ್ದೆಲ್ಲ ಕಂದು. ನಮ್ಮ ತುಪ್ಪದಗುಡ್ಡ ಒಣ ಕಜ್ಜಿಯ ಹಾಗೆ ಕಂದಾಗಿ ಬಿದ್ದಿತ್ತು. "ಬ್ರಿಟಿಷರ ನಕ್ಷೇದಾಗೂ 'ಸಾಗುವಳಿಗೆ ಬಾರದ ಪಾಳು' ಅಂತೈತ್ರೀ. ಆದ್ರೂ ಊರವರ ಬಾಯಾಗ ಒಂದ್ಮಾತು ಕೇಳೋಣಂತ ಬಂದೆ" ಅಂದರು. ಪುಣ್ಯಾತ್ಮ, ಕೇಳುವ ಮನಸ್ಸಾದರೂ ಮಾಡಿದ್ದ. ಆ ಬಿಳಿ ಸಾಹೇಬನಿಗೆ ಕಡಿಯಲು ಮರ ಇಲ್ಲ, ಕಂದಾಯ ಹಾಕಲು ಬೆಳೆ ಇಲ್ಲ, ಹಾಗಾಗಿ ಪಾಳು ಅಂತ ಬರೆದ. ಅವನಿಗೆ ಉಪಯೋಗಕ್ಕೆ ಬಾರದ್ದು ಜಗತ್ತಿಗೇ ಬಾರದ್ದು. ಹೌದು ಸ್ವಾಮಿ ಅಂತ ತಲೆ ಆಡಿಸಿದವರು ಮಾತ್ರ ನಮ್ಮವರೇ.

"ಅಂದ್ರ ಪಾಳುಭೂಮಿ ಅಂತೀರಿ?"

"ಪಾಳು ಅಂದ್ರೆ ಪಾಳು ಸ್ವಾಮಿ! ಅಂಥಾ ಪಾಳು ಈ ತಾಲ್ಲೂಕಲ್ಲೇ ಇನ್ನೊಂದಿಲ್ಲ."

ಅವರು ಬರೆದರು, ಮಂಜಯ್ಯ ಸಹಿ ಹಾಕಿದ, ಕಾಫಿಯ ಋಣಕ್ಕೆ ನಾನು ಸಾಕ್ಷಿ ಹಾಕಿದೆ. ಜೀಪು ಹೋದ ಮೇಲೆ ಮಂಜಯ್ಯ ತೊಡೆ ತಟ್ಟಿ, "ನೋಡಿದ್ರಾ ಮೇಷ್ಟ್ರೇ? ಬೇಲಿ ಹತ್ರನೂ ಸುಳೀಲಿಲ್ಲ ಮಾರಾಯ್ರೇ!" ಅಂದ.

ಜೂನ್ ಶುರುವಿನಲ್ಲಿ ಮೂಡಿಗೆರೆಯಿಂದ ಅವನಿಗೆ ಕಾಗದ ಬಂತು. ಐದನೇ ತಾರೀಕು ವಿಶ್ವ ಪರಿಸರ ದಿನದ ಸಮಾರಂಭದಲ್ಲಿ 'ಪ್ರಗತಿಪರ ರೈತ' ಅಂತ ಸನ್ಮಾನ. ಯಾಕೆ ಅಂತ ಕಾಗದದಲ್ಲಿ ಇರಲಿಲ್ಲ, ಮಂಜಯ್ಯನೂ ಕೇಳಲಿಲ್ಲ. ಸನ್ಮಾನಕ್ಕೆ ಕಾರಣ ಕೇಳುವವನು ಇನ್ನೂ ಹುಟ್ಟಿಲ್ಲ. ಶಾಲು ಹೊದ್ದು, ಕಿತ್ತಳೆ ತುಂಬಿದ ಪ್ಲಾಸ್ಟಿಕ್ ಬುಟ್ಟಿ ಹಿಡಿದು ಬಸ್ಸಿಳಿದು ಬಂದ. ಪಕ್ಕದ ಮನೆಯ ಶಿವಯ್ಯನಿಗೆ ಹೊಟ್ಟೆಕಿಚ್ಚಿನಿಂದ ರಾತ್ರಿ ಊಟ ಸೇರಲಿಲ್ಲ. "ಎಂತಕ್ಕೆ ಕೊಟ್ರೋ ಶಾಲು?" ಅಂತ ಮೂರು ಸಲ ಕೇಳಿದ. "ನನ್ನ ಕಾಫಿ ನೋಡಿ" ಅಂತ ಮಂಜಯ್ಯ ಮೂರು ಸಲ ಹೇಳಿದ.

ನಾಲ್ಕನೇ ದಿನ ಲಾರಿ ಬಂತು. ಲಾರಿಯ ತುಂಬ ಕಪ್ಪು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಅಕೇಶಿಯಾ ಸಸಿ. ಹಿಂದೆ ಗುಂಡಿ ತೋಡುವವರ ಇನ್ನೊಂದು ಲಾರಿ. ಅದರ ಹಿಂದೆ ಒಂದು ಬೋರ್ಡು. ಅದನ್ನು ಗುಡ್ಡದ ದಾರಿಯ ಬಾಯಿಗೆ, ಅಂದರೆ ಮಂಜಯ್ಯನ ಉಣಗೋಲಿನ ಗೇಟಿನ ಪಕ್ಕಕ್ಕೇ ನೆಟ್ಟರು. 'ಪಾಳುಭೂಮಿ ಹಸಿರೀಕರಣ ಯೋಜನೆ. ವಿಸ್ತೀರ್ಣ ೧೧೨ ಎಕರೆ. ಗುರುತಿಸಲು ನೆರವಾದವರು: ಶ್ರೀ ಮಂಜಯ್ಯ, ಪ್ರಗತಿಪರ ರೈತರು.' ಶಿವಯ್ಯನಿಗೆ ಅಂದು ಊಟ ಸೇರಿತು.

ದ್ಯಾವಮ್ಮ ಕೋಲು ಊರಿಕೊಂಡು ಮಂಜಯ್ಯನ ಜಗಲಿಗೆ ಬಂದಳು. ಕೂರು ಅಂದರೆ ಕೂರಲಿಲ್ಲ.

"ತುಪ್ಪದಗುಡ್ಡ ಪಾಳು ಅಂದ ನಾಲಿಗೆ ಯಾವುದೋ? ಎಲ್ಲಿ, ಹೊರಗೆ ಹಾಕು, ನೋಡ್ತೀನಿ."

"ಅಲ್ಲ ದ್ಯಾವಕ್ಕ, ಗಿಡ ಹಾಕಿದ್ರೆ ಒಳ್ಳೇದೇ ಅಲ್ಲನಾ..."

"ಒಳ್ಳೇದಾ? ಕಳಸದ ಹತ್ರ ನನ್ನ ತವರಲ್ಲಿ ಹಿಂಗೇ ಹಾಕಿದ್ರು. ಆರು ವರ್ಷ. ಅಬ್ಬಿ ನಿಂತೇ ಹೋಯ್ತು. ಕೆಳಗೆ ಹುಲ್ಲು ಹುಟ್ಟಲ್ಲ, ಮೇಲೆ ಹಕ್ಕಿ ಕೂರಲ್ಲ. ನನ್ನ ಅತ್ತಿಗೆ ಈಗ ಕೊಡ ಹೊತ್ಕಂಡು ಹೊಳೆಗೆ ಇಳೀತಾಳೆ. ನಾನು ಈ ವಯಸ್ಸಲ್ಲಿ ಎಲ್ಲಿಗೆ ಇಳೀಲೋ? ನನ್ನ ದನ ಎಲ್ಲಿ ಕಟ್ಲಿ, ನಿನ್ನ ಶಾಲಿಗಾ?"

ಒಳಗಿಂದ ತುಂಗಮ್ಮ, "ನಾನು ಚೊಂಬಲ್ಲಿ ತಂದಿಟ್ಟ ನೀರು ಯಾವುದು ಅಂತ ಅವತ್ತೇ ಒಂದು ಮಾತು ಹೇಳಿದ್ರೆ ಬಾಯಿ ಸವೀತಿತ್ತಾ?" ಅಂದಳು. ಮಂಜಯ್ಯ ಶಾಲಿನಲ್ಲಿ ಮುಖ ಒರೆಸಿಕೊಂಡ. ಆ ರೇಷ್ಮೆ ಬೆವರು ಹೀರುವ ಜಾತಿಯದಲ್ಲ.

ಮರುದಿನ ನಾನೂ ಅವನೂ ಅರ್ಜಿ ಹಿಡಿದು ಮೂಡಿಗೆರೆಗೆ ಹೋದೆವು. ಏಕಾಂತಪ್ಪನವರು ಕುರ್ಚಿ ಕೊಟ್ಟರು, ಟೀ ತರಿಸಿದರು, ಆಮೇಲೆ ಫೈಲು ತೆಗೆದು ಮಂಜಯ್ಯನದೇ ಮಾತನ್ನು ಓದಿದರು. "'ಇಂಥಾ ಪಾಳು ತಾಲ್ಲೂಕಿನಾಗ ಇನ್ನೊಂದಿಲ್ಲ.' ಇದು ನಿಮ್ಮ ಸಹಿ ಹೌದಲ್ರೀ? ಇದು ಮೇಷ್ಟ್ರದಲ್ರೀ?" ಇಬ್ಬರೂ ಸಹಿಯನ್ನು ಗುರುತು ಹಿಡಿಯಲು ಬಹಳ ಹೊತ್ತು ತೆಗೆದುಕೊಂಡೆವು. ಕೊನೆಗೆ ಅವರಿಗೇ ಕನಿಕರ ಬಂತು. "ಒಂದು ವಾರ ಕೆಲಸ ನಿಲ್ಲಿಸ್ತೀನಿ. ಬುಧವಾರ ಗುಡ್ಡದ ಮೇಲೆ ಮಹಜರು ಮಾಡೋಣ. ಊರವರೆಲ್ಲ ಬರ್ಲಿ. ಇದು ಪಾಳಲ್ಲ ಅಂತ ತೋರಿಸಿ, ಹಂಗೇ ಬರೀತೀನಿ" ಅಂದರು.

ಬುಧವಾರ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಹದಿನೇಳು ಮನೆಯವರೂ ಕೊಡೆ ಹಿಡಿದು ಗುಡ್ಡ ಹತ್ತಿದರು. ಕೆಳಗೆ ಲಾರಿಯಲ್ಲಿ ಸಸಿ ಕಾಯುತ್ತಿತ್ತು. ಹೊರಡುವ ಮುಂಚೆ ನಾನು ಎಲ್ಲರನ್ನೂ ನಿಲ್ಲಿಸಿ, "ಇವತ್ತೊಂದು ದಿನ ಇದ್ದದ್ದು ಇದ್ದ ಹಾಗೆ ಹೇಳಿ" ಅಂತ ಪಾಠ ಹೇಳಿದ್ದೆ. ಎಲ್ಲರೂ ಹೂಂ ಅಂದಿದ್ದರು.

ಏಕಾಂತಪ್ಪನವರು ಮೊದಲು ಶಿವಯ್ಯನನ್ನು ಕೇಳಿದರು. "ನಿಮಗ ದನ ಎಷ್ಟದಾವ್ರೀ?"

"ಒಂದೂ ಇಲ್ಲ ಸ್ವಾಮಿ."

ನಾನು ಹಣೆ ಚಚ್ಚಿಕೊಂಡೆ. ಶಿವಯ್ಯನ ಕಣ್ಣಲ್ಲೂ ಗಾಬರಿ. ಪಾಪ, ಅವನು ಐದು ಅನ್ನಲು ಬಾಯಿ ತೆರೆದಿದ್ದ.

"ನಿಮಗ್ರೀ?" ಅಂತ ರಂಗಮ್ಮನನ್ನು ಕೇಳಿದರು. ಅವಳದು ಊರಿನ ಕೊನೆಯ ಮನೆ.

"ಒಂದಿತ್ತು. ಸತ್ತೋಯ್ತು" ಅಂದಳು ರಂಗಮ್ಮ. ಸತ್ತದ್ದು ಅವಳ ಬೆನ್ನ ಹಿಂದೆಯೇ ನಿಂತು ಅವಳ ಸೆರಗು ಎಳೆಯುತ್ತಿತ್ತು.

"ಅಬ್ಬಿ ನೀರು ಎಷ್ಟು ಮನಿಗೆ ಹೋಗ್ತತ್ರೀ?"

"ಎಂತ ನೀರು ಸ್ವಾಮಿ, ಹನಿ ಬೀಳೋದೇ ಕಷ್ಟ" ಅಂದಿತು ಗುಂಪು. ನೀರಿನ ಕಂದಾಯದ ಭಯ ನೋಡಿ!

ಏಕಾಂತಪ್ಪನವರು ಪೆನ್ನಿನ ಮುಚ್ಚಳ ಹಾಕಿದರು. "ದನ ಇಲ್ಲ, ನೀರು ಇಲ್ಲ. ಹಂಗಾದ್ರ ಈ ಗುಡ್ಡ ಯಾರಿಗೆ ಬೇಕಾಗೈತ್ರೀ?"

"ನನಗೆ ಬೇಕು" ಅಂದಳು ದ್ಯಾವಮ್ಮ. "ಏಳು ದನ. ಬರ್ಕ."

"ಬರೀತೀನಿ ತಾಯೀ. ಆದ್ರ ಹುಲ್ಲಿಗೆ ನನ್ನ ಫಾರಂನಾಗ ಕಾಲಂ ಇಲ್ಲ. ಕಾಡು ಐತಿ, ಬೆಳೆ ಐತಿ, ಕೆರೆ ಐತಿ, ಮನಿ ಐತಿ. ಇವಿಲ್ದಿದ್ರ ಪಾಳು. ನಾ ಮಾಡಿದ ಫಾರಂ ಅಲ್ಲ ಇದು, ಮ್ಯಾಲಿಂದ ಬಂದದ್ದು. ಈ ಸರ್ವೆ ನಂಬರಿನಾಗ ಎಲ್ಲರೆ ಬೆಳೆ ಇದ್ರ ಹೇಳ್ರಿ. ಬೆಳೆ ಇದ್ದ ಜಾಗ ಪಾಳು ಅನ್ನಾಕ ಬರಂಗಿಲ್ಲ."

ಹದಿನೇಳು ಮನೆಯವರೂ ಕೆಳಗಿನ ಹದಿನೇಳು ಬೇಲಿಗಳನ್ನು ನೋಡದೆ ಇರಲು ಆಕಾಶ ನೋಡಿದರು. ದ್ಯಾವಮ್ಮ ಹುಲ್ಲಿನ ಮೇಲೆ ಕುಸಿದು ಕೂತಳು. ಅಳುತ್ತಿದ್ದಳು. ನಾನು ನೋಡಿದೆ, ಮಂಜಯ್ಯನೂ ನೋಡಿದ. ಅವನು ಕೊಡೆ ಮಡಚಿ ಕಂಕುಳಿಗೆ ಸಿಕ್ಕಿಸಿದ.

"ಕಾಫಿ ಇದೆ ಸ್ವಾಮಿ" ಅಂದ. "ಎರಡೂವರೆ ಎಕರೆ. ಆ ಲಂಟಾನದ ಆಚೆ. ನಂದೇ. ಹದಿನಾಲ್ಕು ವರ್ಷ ಆಯ್ತು."

ತುಂಗಮ್ಮ "ಅಯ್ಯೋ ದೇವ್ರೇ" ಅಂತ ಬಾಯಿಗೆ ಸೆರಗು ಹಿಡಿದಳು. ಮಂಜಯ್ಯನ ಕಟ್ಟೆ ಮಾತ್ರ ಒಡೆದಾಗಿತ್ತು. "ಬನ್ನಿ, ತೋರಿಸ್ತೀನಿ. ನಂದು ಪಟ್ಟಾ ಐದು ಎಕರೆಗಿಂತ ಅದ್ರಲ್ಲೇ ಇಳುವರಿ ಜಾಸ್ತಿ. ಎಲ್ಲ ಅಬ್ಬಿ ನೀರು. ಬೋರರ್ ಗೀರರ್ ಎಂತದೂ ಇಲ್ಲ, ನಾನು ಹೇಳಿದ್ದೆಲ್ಲ ಬರೀ ಸುಳ್ಳು. ಪಾಳು ಮಣ್ಣಲ್ಲಿ ಹಂಗೆ ಹಣ್ಣು ಕಚ್ಚುತ್ತಾ ಸ್ವಾಮಿ? ನೀವೇ ಹೇಳಿ!"

ಏಕಾಂತಪ್ಪನವರು ಅವನನ್ನು ಒಂದು ಗಳಿಗೆ ದಿಟ್ಟಿಸಿದರು. "ಎರಡೂವರೆ ಎಕರೆಗೆ ನೂರಾ ಹನ್ನೆರಡು ಎಕರೆ ಉಳಿಯಂಗಿಲ್ರೀ ಮಂಜಯ್ಯಾರ. ಉಳಿದದ್ದು ಪಾಳೇ ಆಗ್ತತಿ."

ಆಗ ಶಿವಯ್ಯ ಮುಂದೆ ಬಂದ. "ನಂದೂ ಒಂದೂವರೆ ಎಕರೆ ಇದೆ ಸ್ವಾಮಿ."

"ಒಂದೂವರೆನಾ?" ಅಂದಳು ರಂಗಮ್ಮ. "ಎರಡೂಕಾಲು ಅಂತ ಹೇಳು! ಹೋದ ವರ್ಷ ನನ್ನ ಬೇಲಿ ಒಳಗೆ ಬಂದಿದ್ದು ಯಾರು ಹಂಗಾರೆ?"

"ನಿನ್ನ ಬೇಲಿಯಾ? ನಿನಗೆಲ್ಲಿತ್ತೇ ಬೇಲಿ?"

"ಮೂರು ಎಕರೆ ಸ್ವಾಮಿ ನಂದು! ಬರ್ಕಳಿ! ಇವನಪ್ಪಂದಲ್ಲ!"

ಅಲ್ಲಿಗೆ ಊರು ಬಿಚ್ಚಿಕೊಂಡಿತು. ಒಬ್ಬನಿಗೆ ನಾಲ್ಕು ಅಂದರೆ ಅವನ ದಾಯಾದಿಗೆ ಐದಕ್ಕಿಂತ ಕಡಿಮೆ ಹೇಗಾದೀತು? ಹತ್ತು ತಲೆಮಾರು ಮುಚ್ಚಿಟ್ಟದ್ದು ಹತ್ತು ನಿಮಿಷದಲ್ಲಿ ಹೊರಬಂತು. ಕೂಗಾಟದಲ್ಲಿ ನಾನೂ "ಇಪ್ಪತ್ತು ಗುಂಟೆ ಏಲಕ್ಕಿ" ಅಂದುಬಿಟ್ಟೆ. ನಿವೃತ್ತ ಮೇಷ್ಟ್ರ ಇಪ್ಪತ್ತು ಗುಂಟೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅದಕ್ಕೆ ಬೇಜಾರಾಗಿ ಮೂವತ್ತು ಅಂತ ತಿದ್ದಿಸಿದೆ. ಏಕಾಂತಪ್ಪನವರು ಮೂರು ಹಾಳೆ ತುಂಬಿಸಿ, ನಿಂತಲ್ಲೇ ಕೂಡಿಸಿ, ಇನ್ನೊಂದು ಸಲ ಕೂಡಿಸಿ ತಲೆ ಎತ್ತಿದರು.

"ಗುಡ್ಡ ನೂರಾ ಹನ್ನೆರಡು ಎಕರೆ. ನಿಮ್ಮ ಒತ್ತುವರಿ ನೂರಾ ಮೂವತ್ತೊಂದು. ಹಂಗಾದ್ರ ನಾವೀಗ ನಿಂತದ್ದು ಎಲ್ರೀ?"

ಕೇಳಿ ಅವರೇ ನಕ್ಕುಬಿಟ್ಟರು. ಮೇಲಿನಿಂದ ಬಂದ ಫಾರಮ್ಮಿನಲ್ಲಿ 'ಲಭ್ಯವಿರುವ ಪಾಳುಭೂಮಿ' ಅನ್ನುವುದರ ಎದುರು 'ಇಲ್ಲ' ಅಂತ ಬರೆದರು. ಕದ್ದವರಿದ್ದಾರೆ ಅಂದ ಮೇಲೆ ಬೆಲೆ ಇದೆ ಅಂತ ಸರ್ಕಾರಕ್ಕೂ ಅರ್ಥವಾಗುತ್ತದೆ. ಲಾರಿ ಸಸಿ ಸಮೇತ ಹಿಂದಕ್ಕೆ ತಿರುಗಿತು. ಅದು ಯಾವ ಊರಿಗೆ ಹೋಯಿತೋ, ಆ ಊರಿನ ಗುಡ್ಡಕ್ಕೆ ಏನು ಹೆಸರಿತ್ತೋ, ನನಗೆ ಗೊತ್ತಿಲ್ಲ. ಆವತ್ತು ಅದನ್ನು ಯೋಚಿಸಲೂ ಇಲ್ಲ.

"ಈಗ ಎಲ್ಲಾರೂ ಸಹಿ ಹಾಕ್ರಿ" ಅಂದರು ಏಕಾಂತಪ್ಪ.

ಒಬ್ಬನಿಗೆ ಒಲೆಯ ಮೇಲೆ ಇಟ್ಟ ಹಾಲು ನೆನಪಾಯಿತು. ಒಬ್ಬಳಿಗೆ ಕರು ಬಿಚ್ಚಿಕೊಂಡದ್ದು. ಶಿವಯ್ಯ ತನಗೆ ಓದು ಬರಹ ಬರುವುದಿಲ್ಲ ಅಂದ. ಅವನಿಗೆ ಏಳನೇ ಕ್ಲಾಸು ಪಾಸು ಮಾಡಿಸಿದವನು ನಾನು. ಆದರೆ ಅದನ್ನು ಅಲ್ಲಿ ಹೇಳಲು ನಾನೂ ಇರಲಿಲ್ಲ, ನನಗೆ ಆಗಲೇ ಸಂಧ್ಯಾವಂದನೆಗೆ ಹೊತ್ತಾಗಿತ್ತು. ಮಧ್ಯಾಹ್ನ ಹನ್ನೆರಡು ಗಂಟೆಗೆ. ಕೊನೆಗೆ ಗುಡ್ಡದ ಮೇಲೆ ಉಳಿದವರು ದ್ಯಾವಮ್ಮ, ಅವಳ ದನ ಮತ್ತು ಮಂಜಯ್ಯ. ಅವನೊಬ್ಬನೇ ಸಹಿ ಹಾಕಿದ.

ಹಾಗಾಗಿ ನೋಟೀಸು ಅವನೊಬ್ಬನಿಗೇ ಬಂತು. ಈ ಸಲದ ಹಣ್ಣು ಕೊಯ್ದುಕೊಂಡು ಮುಂದಿನ ಮಾರ್ಚ್ ಮುಗಿಯುವುದರೊಳಗೆ ಜಾಗ ತೆರವು ಮಾಡತಕ್ಕದ್ದು. ಶಿವಯ್ಯ, "ತಡೆಯಾಜ್ಞೆ ತರೋಣ, ಲಾಯರು ಗೊತ್ತಿದ್ದಾನೆ" ಅಂದ. ಮಂಜಯ್ಯ ಬೇಡ ಅಂದ. "ಕೋರ್ಟಿಗೆ ಹೋದ್ರೆ ಗುಡ್ಡದಲ್ಲಿ ನಾನು ಎಂತದೂ ಬೆಳೆದಿಲ್ಲ ಅಂತ ಹೇಳಬೇಕಾಗ್ತದೆ. ಹೇಳಿದ್ರೆ ಲಾರಿ ವಾಪಸ್ಸು ಬರ್ತದೆ. ಸಾಕು ಮಾರಾಯ."

ಮೂರು ಸಾವಿರ ಗಿಡವನ್ನು ಅವನೇ ಕಿತ್ತ. ಯಂತ್ರ ತಂದರೆ ಅಬ್ಬಿಯ ಬಾಯಿ ಕುಸಿದೀತು ಅಂತ ಗುದ್ದಲಿಯಲ್ಲೇ ಒಂದೊಂದಾಗಿ ಬುಡ ಬಿಡಿಸಿದ. ಮೊದಲ ದಿನ ಅವನೂ ತುಂಗಮ್ಮನೂ ಮಾತ್ರ. ಎರಡನೇ ದಿನ ಶಿವಯ್ಯ ಹಾರೆ ಹಿಡಿದು ಬಂದ. ಮೂರನೇ ದಿನ ಊರೇ ಬಂತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನನಗೆ ನಾಚಿಕೆಯಾಗಿ, ಜೀವನದಲ್ಲಿ ಹಿಡಿಯದ ಗುದ್ದಲಿ ಹಿಡಿದು ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡೆ. ಹದಿನಾಲ್ಕು ವರ್ಷದ ಗಿಡ ಬೇರು ಸಮೇತ ಅಡ್ಡ ಬಿದ್ದಾಗ ಮಂಜಯ್ಯ ಬಗ್ಗಿ ಅದರ ಎಲೆ ಮುಟ್ಟುತ್ತಿದ್ದ. ಅವನಿಗೆ ಅಳು ಬರುತ್ತಿತ್ತು, ಅತ್ತ.

ಜುಲೈನಲ್ಲಿ ಏಕಾಂತಪ್ಪನವರು ಜಾಗ ವಶಕ್ಕೆ ತೆಗೆದುಕೊಳ್ಳಲು ಬಂದರು. ಮಳೆಯಲ್ಲಿ ಕೊಡೆಯಡಿ ನಿಂತು ಮಹಜರು ಬರೆದು ಮಂಜಯ್ಯನ ಕೈಗೆ ಕೊಟ್ಟರು. ಅವನು ಓದಿ ವಾಪಸ್ಸು ಕೊಟ್ಟ.

"ಸೈನ್ ಹಾಕಲ್ಲ ಸ್ವಾಮಿ."

"ಯಾಕ್ರೀ? ಎಲ್ಲಾ ಸರಿ ಐತಲ್ಲ."

"'ಸದರಿ ಜಾಗದಲ್ಲಿ ಏನೂ ಇರುವುದಿಲ್ಲ' ಅಂತ ಬರ್ದಿದ್ದೀರಿ."

"ಗಿಡ ಇಲ್ಲ, ಮನಿ ಇಲ್ಲ. ಮತ್ತೇನು ಬರೀಲ್ರೀ?"

"ಬಗ್ಗಿ ನೋಡಿ."

ಏಕಾಂತಪ್ಪನವರು ಕೊಡೆ ನನ್ನ ಕೈಗೆ ಕೊಟ್ಟು, ಪ್ಯಾಂಟು ಮೇಲಕ್ಕೆಳೆದು, ಕೆಸರಲ್ಲಿ ಕುಕ್ಕರುಗಾಲಲ್ಲಿ ಕೂತರು. ಕಿತ್ತ ಗುಂಡಿಗಳ ಸುತ್ತ ಎಲ್ಲ ಕಡೆ ಸೂಜಿಯಷ್ಟು ಹಸಿರು ಎದ್ದಿತ್ತು. ಬೆರಳಿನಿಂದ ಸವರಿ ನೋಡಿದರು.

"ಹುಲ್ಲು" ಅಂದರು.

"ಹಂಗೇ ಬರೀರಿ."

"ಕಾಲಂ ಇಲ್ರೀ ಮಂಜಯ್ಯಾರ."

"ಅಂಚಲ್ಲಿ ಜಾಗ ಇದೆಯಲ್ಲ."

ಅವರು 'ಏನೂ ಇರುವುದಿಲ್ಲ' ಅನ್ನುವುದನ್ನು ಹೊಡೆದುಹಾಕಿ, ಹಾಳೆ ತಿರುಗಿಸಿಕೊಂಡು, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು. ಹುಲ್ಲು ಇದೆ. ಕೆಳಗೆ ಅಬ್ಬಿ ಇದೆ, ಹದಿನೇಳು ಮನೆಗೆ ನೀರು. ಊರವರು ತುಪ್ಪದಗುಡ್ಡ ಅನ್ನುತ್ತಾರೆ. ಮೇಯುವ ದನ, ಅಂತ ಬರೆದು ಪೆನ್ನು ನಿಲ್ಲಿಸಿ ಕೇಳಿದರು. "ನಿಮ್ಮವು ಎಷ್ಟ್ರೀ?"

ಮಂಜಯ್ಯ ಬಾಯಿ ತೆರೆದ. ಹಿಂದೆ ನಿಂತಿದ್ದ ತುಂಗಮ್ಮ ಉಸಿರು ಹಿಡಿದಳು, ನಾನೂ ಹಿಡಿದೆ.

"ನಾಲ್ಕು ಸ್ವಾಮಿ" ಅಂದ. ಆಮೇಲೆ ಏನೋ ನೆನಪಾದವನಂತೆ ಹತ್ತಿರ ಸರಿದು, "ಕೆಂಪಿ ಗಬ್ಬ ಇದೆ. ಐದು ಅಂತ್ಲೇ ಬರ್ಕಳಿ" ಅಂದ.

ಏಕಾಂತಪ್ಪನವರು ಐದು ಅಂತ ಬರೆದರು.